ನಗು ಸಾಯುವುದು ಸೋಫಾ ಸಾಲಿನಲ್ಲಿ: ರಂಗಮಂದಿರಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಜಿಲ್ಲೆ, ತಾಲ್ಲೂಕುಗಳ ರಂಗಮಂದಿರಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ, ನಿರ್ವಹಣಾ ಸಮಿತಿಗಳ ಸದಸ್ಯರಿಗೆ,

ಮಾನ್ಯರೇ,

ಸಂಜೆ ರಂಗಮಂದಿರದಲ್ಲಿ ನಗೆನಾಟಕ ನೋಡಿ ಹೊರಬಂದವರ ಬಾಯಲ್ಲಿ ಹೆಚ್ಚಾಗಿ ಕೇಳುವ ದೂರು ಎರಡು. ಮಾತು ಸರಿಯಾಗಿ ಕೇಳಿಸಲಿಲ್ಲ ಎನ್ನುವುದು ಒಂದು. ಕೇಳಿಸಿತು, ಆದರೂ ನಗು ಬರಲಿಲ್ಲ ಎನ್ನುವುದು ಇನ್ನೊಂದು. ಎರಡನ್ನೂ ನೇರವಾಗಿ ನಟರ ತಲೆಗೆ ಕಟ್ಟುತ್ತಾರೆ. ಎಷ್ಟೋ ಸಲ ತಪ್ಪು ಅವರದೇ ಇರುತ್ತದೆ. ಮಾತು ಬಾಯಿಗೆ ಬರದೆ ಬಣ್ಣ ಹಚ್ಚಿಕೊಂಡವರನ್ನು ಯಾವ ಕಟ್ಟಡವೂ ಕಾಪಾಡಲಾರದು. ಆದರೆ ತಾಲೀಮಿನ ಕೋಣೆಯಲ್ಲಿ ನೋಡಲು ಬಂದ ಹತ್ತು ಜನರನ್ನು ಹೊಟ್ಟೆ ಹಿಡಿದುಕೊಂಡು ನಗಿಸಿದ ನಾಟಕವೇ ಒಂಬೈನೂರು ಸೀಟಿನ ಮಂದಿರದಲ್ಲಿ ಮಖಾಡೆ ಬಿದ್ದರೆ, ಕಾರಣವನ್ನು ಕಟ್ಟಡದಲ್ಲಿ, ಬಾಡಿಗೆಯ ನಿಯಮದಲ್ಲಿ, ಕುರ್ಚಿ ಹಾಕುವ ಕ್ರಮದಲ್ಲಿ ಹುಡುಕಬೇಕು. ಅವು ನಿಮ್ಮ ಕೈಯಲ್ಲಿವೆ.

ಪೌರಾಣಿಕ ನಾಟಕ ಅರ್ಧ ಸೆಕೆಂಡು ಹಿಂದುಮುಂದಾದರೂ ನಡೆದುಹೋಗುತ್ತದೆ. ದುರ್ಯೋಧನ ಕಂದಪದ್ಯ ಎಳೆದು ಹಾಡಿದರೆ ‘ಒನ್ಸ್ ಮೋರ್’ ಬರುತ್ತದೆಯೇ ಹೊರತು ನಷ್ಟವೇನಿಲ್ಲ. ನಗೆನಾಟಕಕ್ಕೆ ಆ ರಿಯಾಯಿತಿ ಇಲ್ಲ. ಮಾವ ಬೀದಿ ಬಾಗಿಲಿನಿಂದ ಒಳಗೆ ಬರುವುದಕ್ಕೂ ಅಳಿಯ ಅಡುಗೆಮನೆಗೆ ನುಸುಳುವುದಕ್ಕೂ ನಡುವೆ ಅರ್ಧ ಸೆಕೆಂಡು ಸಾಕು. ಅದು ಎರಡು ಸೆಕೆಂಡಾದರೆ ಮಾವ ಅಳಿಯನನ್ನು ನೋಡಿಯೇಬಿಟ್ಟ ಎಂದು ಪ್ರೇಕ್ಷಕರಿಗೆ ಅನಿಸುತ್ತದೆ, ಅಲ್ಲಿಗೆ ಮುಂದಿನ ಒಂದು ಗಂಟೆಯ ಗೊಂದಲಕ್ಕೆ ಬುಡವೇ ಉಳಿಯುವುದಿಲ್ಲ.

ಮೊದಲು ಸೋಫಾಗಳ ವಿಷಯ. ಬಹುತೇಕ ಮಂದಿರಗಳಲ್ಲಿ ರಂಗದ ಅಂಚಿನಿಂದ ಹತ್ತು ಹನ್ನೆರಡು ಅಡಿ ಖಾಲಿ ಜಾಗ, ಆಮೇಲೆ ಗಣ್ಯರ ಸೋಫಾ, ಅದರ ಮುಂದೆ ನೀರಿನ ಬಾಟಲಿ ಇಟ್ಟ ಟೀಪಾಯಿ, ಹಿಂದೆ ‘ಆಹ್ವಾನಿತರಿಗೆ’ ಎಂದು ಚೀಟಿ ಅಂಟಿಸಿದ ಎರಡು ಸಾಲು. ಸಭಾ ಕಾರ್ಯಕ್ರಮ ಮುಗಿಯುತ್ತಲೇ ಗಣ್ಯರು ಇನ್ನೊಂದು ಕಾರ್ಯಕ್ರಮಕ್ಕೆ ಹೊರಡುತ್ತಾರೆ, ಅವರ ಜೊತೆ ಬಂದವರೂ ಹೊರಡುತ್ತಾರೆ. ಅಲ್ಲಿ ಬೇರೆಯವರು ಕೂರುವುದಿಲ್ಲ. ಕೂರಲು ಹೋದರೆ ಸ್ವಯಂಸೇವಕರು ಎಬ್ಬಿಸುತ್ತಾರೆ. ಹೀಗೆ ನಟರಿಗೂ ಮೊದಲ ಜೀವಂತ ಮುಖಕ್ಕೂ ನಡುವೆ ಮೂವತ್ತು ಅಡಿ ಬಯಲು. ನಗು ಒಬ್ಬರಿಂದೊಬ್ಬರಿಗೆ ಹತ್ತುವ ವಸ್ತು. ಇನ್ನೂರು ಜನ ಮೊದಲ ಹತ್ತು ಸಾಲಿನಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಕೂತರೆ ಹೊತ್ತಿಕೊಳ್ಳುತ್ತದೆ. ಅದೇ ಇನ್ನೂರು ಜನ ಒಂಬೈನೂರು ಸೀಟಿನಲ್ಲಿ ಚದುರಿ ಕೂತರೆ ಪ್ರತಿಯೊಬ್ಬರೂ ತಾವೊಬ್ಬರೇ ನಕ್ಕಂತಾಗುತ್ತದೆಂದು ನಗುವನ್ನು ನುಂಗಿಕೊಳ್ಳುತ್ತಾರೆ. ಅದಕ್ಕೇ ಕೇಳುತ್ತಿದ್ದೇವೆ: ನಗೆನಾಟಕವಿರುವ ದಿನ ಸೋಫಾಗಳು ಬೇಡ. ಹನ್ನೆರಡನೇ ಸಾಲಿನ ಹಿಂದೆ ಅಡ್ಡ ಹಗ್ಗ ಕಟ್ಟಿ, ಬಾಲ್ಕನಿಗೆ ಬೀಗ ಹಾಕಿ, ಮುಂದಿನ ಸಾಲು ತುಂಬಿದ ಮೇಲೆ ಹಗ್ಗವನ್ನು ಒಂದೊಂದೇ ಸಾಲು ಹಿಂದಕ್ಕೆ ಸರಿಸಿ. ಇದಕ್ಕೆ ಟೆಂಡರ್ ಬೇಕಿಲ್ಲ.

ಇನ್ನು ಸಭೆ. ಆಮಂತ್ರಣದಲ್ಲಿ ಆರೂವರೆ, ದೀಪ ಬೆಳಗುವುದು ಏಳಕ್ಕೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಪರದೆ ಏಳುವಾಗ ಎಂಟು ದಾಟಿರುತ್ತದೆ. ನಾಟಕದ ಉದ್ದ ಒಂದು ಮುಕ್ಕಾಲು ಗಂಟೆ, ಕೊನೆಯ ಬಸ್ಸು ಒಂಬತ್ತೂವರೆಗೆ. ನಗೆನಾಟಕದ ಲೆಕ್ಕಾಚಾರ ತಿಳಿದವರಿಗೆ ಇದರಲ್ಲಿ ಎರಡು ಪೆಟ್ಟು ಕಾಣುತ್ತದೆ. ಮೊದಲ ಹದಿನೈದು ಇಪ್ಪತ್ತು ನಿಮಿಷ ನಗು ಕಡಿಮೆ, ಬಿತ್ತನೆ ಹೆಚ್ಚು: ಯಾರ ಕಾಗದ ಯಾರ ಜೇಬಿನಲ್ಲಿದೆ, ಬೀರುವಿನ ಬೀಗ ಯಾಕೆ ಕೆಟ್ಟಿದೆ, ಕಿವುಡನಂತೆ ನಟಿಸುತ್ತಿರುವವನು ಯಾರು ಎಂಬುದೆಲ್ಲ ಅಲ್ಲೇ ಗೊತ್ತಾಗಬೇಕು. ತಡವಾಗಿ ಬಂದವರು, ಸಭೆ ಮುಗಿಯಲೆಂದು ಹೊರಗೆ ಚಹಾ ಕುಡಿಯುತ್ತಿದ್ದವರು ಅದನ್ನು ಕಳೆದುಕೊಳ್ಳುತ್ತಾರೆ. ಆಮೇಲೆ ಪಕ್ಕದವರನ್ನು ‘ಏನಾಯ್ತು ಏನಾಯ್ತು’ ಎಂದು ಕೇಳಿ ಅವರದನ್ನೂ ಕಳೆಯುತ್ತಾರೆ. ಎರಡನೆಯದು ಕೊನೆಯ ಇಪ್ಪತ್ತು ನಿಮಿಷ. ಬಿತ್ತಿದ್ದೆಲ್ಲ ಕೈಗೆ ಬರುವ ಆ ಹೊತ್ತಿನಲ್ಲಿ ಬಸ್ಸಿನವರು ಎದ್ದು ಹೊರಡುತ್ತಾರೆ, ಅವರ ಹಿಂದೆ ಮಡಚುವ ಕುರ್ಚಿಗಳ ದಡಬಡ.

ಬೆಂಗಳೂರಿನ ರಂಗಶಂಕರದಲ್ಲಿ 2004ರಿಂದ ನಡೆದುಕೊಂಡು ಬಂದ ಕ್ರಮ ಎಲ್ಲರಿಗೂ ಗೊತ್ತು: ಹೇಳಿದ ಹೊತ್ತಿಗೆ ನಾಟಕ, ತಡವಾದವರಿಗೆ ಪ್ರವೇಶವಿಲ್ಲ. ಜಿಲ್ಲಾ ಕೇಂದ್ರದಲ್ಲಿ ಅಷ್ಟು ಬಿಗಿ ಸಾಧ್ಯವಿಲ್ಲ ಎನ್ನುವುದಾದರೆ ಅರ್ಧ ದಾರಿಯಾದರೂ ಬನ್ನಿ. ನಾಟಕ ಶುರುವೆಂದು ಸಾರುವ ಮೂರನೇ ಬೆಲ್ಲಾದ ಮೇಲೆ ಬಂದವರನ್ನು ಬಾಗಿಲ ಬಳಿಯೇ ನಿಲ್ಲಿಸಿ, ನಾಟಕ ತಂಡ ಮೊದಲೇ ಗುರುತಿಸಿ ಕೊಟ್ಟ ಒಂದು ಜಾಗದಲ್ಲಿ (ದೃಶ್ಯ ಬದಲಾಗುವಾಗ, ಕತ್ತಲಾದಾಗ) ಹಿಂದಿನ ಸಾಲಿಗೆ ಮಾತ್ರ ಬಿಡಿ. ಸಭೆ ಬೇಕೇ ಬೇಕೆಂದರೆ ನಾಟಕದ ನಂತರ ಇರಲಿ, ಹತ್ತು ನಿಮಿಷ. ನಗೆನಾಟಕ ಹಗುರ ಸರಕು, ಅದಕ್ಕೆ ತೂಕ ಬರಲು ಭಾಷಣ ಬೇಕು ಎಂಬ ಭಾವನೆ ಕೆಲವರಲ್ಲಿದೆ. ಏಳನೆಯ ಶತಮಾನದಲ್ಲಿ ಕಾಪಾಲಿಕನ ತಲೆಬುರುಡೆಯ ಪಾತ್ರೆಯನ್ನು ನಾಯಿ ಕಚ್ಚಿಕೊಂಡು ಹೋದ ಕಥೆಯನ್ನು ಪ್ರಹಸನವಾಗಿ ಬರೆದವನು ಪಲ್ಲವರ ದೊರೆ ಮಹೇಂದ್ರವರ್ಮ. ಸಾಕ್ಷಾತ್ ರಾಜನೇ ಹಗುರವೆಂದು ಎಣಿಸದ್ದನ್ನು ಸಮಿತಿಗಳು ಎಣಿಸುವುದು ಬೇಡ.

ಬಾಗಿಲುಗಳಿಗೆ ಬರೋಣ, ನಮಗೆ ಹೇಳಲು ಹೆಚ್ಚು ಇರುವುದು ಇಲ್ಲೇ. ಕನ್ನಡದ ಮನೆಯೊಳಗಿನ ನಗೆನಾಟಕಕ್ಕೆ ಕನಿಷ್ಠ ಮೂರು ಬಾಗಿಲು ಬೇಕು. ಬೀದಿಯದು, ಅಡುಗೆಮನೆಯದು, ಕೋಣೆಯದು. ಜೊತೆಗೆ ಯಾರಾದರೂ ಅಡಗುವಷ್ಟು ದೊಡ್ಡ ಬೀರು. ಎಂಟಡಿ–ನಾಲ್ಕಡಿ ಪ್ಲೈವುಡ್ ಹಾಳೆಯನ್ನೇ ಒಂದು ಗೋಡೆಯಾಗಿ ಮಾಡಿ, ನಡುವೆ ಆರೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲದ ಬಾಗಿಲು ಕತ್ತರಿಸಿದರೆ ಎರಡೂ ಪಕ್ಕ ಒಂಬತ್ತು ಇಂಚು ಉಳಿಯುತ್ತದೆ. ಹಿಂಬದಿಗೆ ಮೂರು ಇಂಚು–ಒಂದು ಇಂಚಿನ ರೀಪಿನ ಚೌಕಟ್ಟು. ಬಾಗಿಲ ಕೆಳಗೆ, ಹೊಸ್ತಿಲಿನ ಜಾಗದಲ್ಲಿ, ಎರಡು ಕಾಲುಗಳನ್ನೂ ಹಿಡಿದಿಡುವ ತೆಳು ಕಬ್ಬಿಣದ ಪಟ್ಟಿ. ಇದನ್ನು ಬಿಟ್ಟರೆ ಸಾಗಿಸುವಾಗಲೇ ಕಾಲುಗಳು ಅಗಲವಾಗಿ, ರಂಗದ ಮೇಲೆ ಬಾಗಿಲು ಕಚ್ಚಿಕೊಳ್ಳುತ್ತದೆ. ಪಕ್ಕದ ಗೋಡೆಯ ಬಾಗಿಲು ಯಾವಾಗಲೂ ಹೊರಕ್ಕೆ, ಅಂದರೆ ವಿಂಗ್ಸ್ (ರಂಗದ ಎಡಬಲದ ಮರೆ) ಕಡೆಗೆ ತೆರೆಯಬೇಕು, ಬಿಜಾಗರಿ ರಂಗದ ಹಿಂಭಾಗದ ಕಡೆ ಇರಬೇಕು. ಆಗ ನಟ ಒಳಗೆ ಕಾಲಿಡುವಾಗ ಮುಖ ಪ್ರೇಕ್ಷಕರ ಕಡೆ ಇರುತ್ತದೆ. ಬಾಗಿಲು ಒಳಕ್ಕೆ ತೆರೆದರೆ ಅದು ಅವನನ್ನು ಮರೆಮಾಡುತ್ತದೆ, ಮುಚ್ಚಲು ಬೆನ್ನು ತಿರುಗಿಸಬೇಕಾಗುತ್ತದೆ. ಚಿಲಕ ಹಾಕಬಾರದು, ಗಡಿಬಿಡಿಯಲ್ಲಿ ಅದು ಬೀಳುತ್ತದೆ. ಬೀರುಗಳಿಗೆ ಹಾಕುವ ಮ್ಯಾಗ್ನೆಟ್ ಕ್ಯಾಚರ್ ಸಾಕು. ಅದೂ ಇಲ್ಲದಿದ್ದರೆ ಮುಚ್ಚಿದ ಬಾಗಿಲು ಮೆಲ್ಲಗೆ ತಾನಾಗಿ ತೆರೆದುಕೊಂಡು, ಅಡಗಿ ಕೂತವನು ನೀರು ಕುಡಿಯುತ್ತಿರುವುದನ್ನು ಊರಿಗೆಲ್ಲ ತೋರಿಸುತ್ತದೆ.

ಇಷ್ಟನ್ನು ತಂಡಗಳೇ ಮಾಡಿಕೊಳ್ಳುತ್ತವೆ. ನಿಮ್ಮ ಪಾಲಿನದು ಅದನ್ನು ನಿಲ್ಲಿಸಲು ಬೇಕಾದ ನೆಲ. ಹೊಸ ಮಂದಿರಗಳ ರಂಗಕ್ಕೆ ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಹಾಕಿಸುವುದು ವಾಡಿಕೆಯಾಗಿದೆ. ನೋಡಲು ಚೆಂದ, ಮೊಳೆ ಹೊಡೆಯುವಂತಿಲ್ಲ, ಸ್ಕ್ರೂ ಹಾಕುವಂತಿಲ್ಲ, ಓಡಿದರೆ ಜಾರುತ್ತದೆ. ನಗೆನಾಟಕದಲ್ಲಿ ಓಡದ ನಟನೇ ಇಲ್ಲ. ಮರದ ನೆಲ ಸರಿಯಾದ ಪರಿಹಾರ; ಅದು ಬರುವವರೆಗೆ ಪ್ರತಿ ಬಾಗಿಲಿಗೆ ಎರಡು ತ್ರಿಕೋನದ ಆಸರೆ, ಪ್ರತಿ ಆಸರೆಯ ಮೇಲೆ ಇಪ್ಪತ್ತು ಕೆ.ಜಿ.ಯ ಮರಳು ಚೀಲ. ಮೂರು ಬಾಗಿಲು, ಒಂದು ಕಿಟಕಿಗೆ ಎಂಟು ಚೀಲ. ಎಂಟರ ಬದಲು ಹನ್ನೆರಡು ಚೀಲ ಹೊಲಿಸಿ ಮಂದಿರದಲ್ಲೇ ಇಡಿ. ದಪ್ಪ ಕ್ಯಾನ್ವಾಸ್ ಚೀಲ, ಒಳಗೆ ಪ್ಲಾಸ್ಟಿಕ್ ಪದರ ಇರಲಿ, ಗೋಣಿಯದಾದರೆ ಮರಳು ಸೋರಿ ಅದರ ಮೇಲೂ ಕಾಲು ಜಾರುತ್ತದೆ. ಆಸರೆ ಸಾಲದ ಗೋಡೆ ಬಾಗಿಲು ಬಡಿದಾಗಲೆಲ್ಲ ನಡುಗುತ್ತದೆ. ಜನ ನಗುತ್ತಾರೆ, ಗೋಡೆಗೆ ನಗುತ್ತಾರೆ. ಒಮ್ಮೆ ಹಾಗೆ ನಕ್ಕ ಮೇಲೆ ಸಿಟ್ಟಿನಿಂದ ಬಾಗಿಲು ಬಡಿಯುವ ಯಜಮಾನನ ಪಾತ್ರಕ್ಕೆ ಬೆಲೆಯಿಲ್ಲ.

ರಂಗದ ಹಿಂದೆ ಓಡಾಡಲು ಜಾಗ ಬೇಕು ಎನ್ನುವುದನ್ನು ನಕ್ಷೆ ಬರೆಯುವವರು ಮರೆತಿರುವುದು ನಮಗೆ ಇಂದಿಗೂ ಬಿಡಿಸದ ಒಗಟು. ಹಿಂಪರದೆಯನ್ನು ಗೋಡೆಗೆ ಅಂಟಿಸಿದಂತೆ ಕಟ್ಟಿರುತ್ತಾರೆ. ಎಡಗಡೆ ಹೊರಹೋದವನು ಹತ್ತು ಸೆಕೆಂಡಿನಲ್ಲಿ ಬಲಗಡೆಯಿಂದ ಬರಬೇಕಿದ್ದರೆ ಕಟ್ಟಡದ ಹೊರಗಿನಿಂದ ಸುತ್ತಿ ಬರಬೇಕು. ಮಳೆಗಾಲದಲ್ಲಿ ಒಣಗಿದ ಪಂಚೆಯಲ್ಲಿ ಹೋದವನು ತೊಯ್ದ ಪಂಚೆಯಲ್ಲಿ ಬರುತ್ತಾನೆ. ಹಿಂಪರದೆಯ ಪೈಪನ್ನು ಮೂರು ಅಡಿ ಮುಂದಕ್ಕೆ ಸರಿಸಿದರೆ ಈ ತೊಂದರೆ ಮುಗಿಯಿತು. ಆ ದಾರಿಯಲ್ಲಿ ನೀಲಿ ಜಿಲೆಟಿನ್ ಹಾಳೆ ಸುತ್ತಿದ ಎರಡು ಜೀರೋ ಬಲ್ಬು, ಮೆಟ್ಟಿಲಿನ ಅಂಚಿಗೆ ಬಿಳಿ ಟೇಪು. ಗ್ರೀನ್‌ರೂಮು ನೆಲಮಾಳಿಗೆಯಲ್ಲಿದ್ದರೆ ವೇಷ ಬದಲಿಸಲು ಇಳಿದು ಹತ್ತುವುದರಲ್ಲೇ ದೃಶ್ಯ ಮುಗಿಯುತ್ತದೆ. ವಿಂಗ್ಸ್ ಪಕ್ಕದಲ್ಲೇ ನಾಲ್ಕಡಿ–ನಾಲ್ಕಡಿ ಪರದೆಯ ಗೂಡು, ಒಂದು ಕನ್ನಡಿ, ನಾಲ್ಕು ಮೊಳೆ ಕೊಡಿ. ಇನ್ನೊಂದು ಮಾತು, ಬರೆಯಲು ಸಂಕೋಚವಾದರೂ: ರಂಗಕ್ಕೆ ಗೋಡೆ ಹಂಚಿಕೊಂಡ ಶೌಚಾಲಯದ ಫ್ಲಶ್ಶಿನ ಸದ್ದು ಆರನೇ ಸಾಲಿನವರೆಗೂ ಕೇಳುತ್ತದೆ. ಆಟದ ಹೊತ್ತು ಅದಕ್ಕೆ ಬೀಗ ಹಾಕಿ, ಬಕೆಟ್ಟು ಚೊಂಬು ಇರುವ ಇನ್ನೊಂದನ್ನು ತೆರೆದಿಡಿ.

ಧ್ವನಿಯ ವಿಷಯದಲ್ಲಿ ದುಡ್ಡು ಹೋಗಿರುವುದು ಹೆಚ್ಚು, ಫಲ ಕಡಿಮೆ. ಮಾತಿನ ನಾಟಕಕ್ಕೆ ಸದ್ದು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಅಡಗಬೇಕು. ಗಾರೆಯ ಗೋಡೆ, ಗಟ್ಟಿ ಚಾವಣಿ, ಪ್ಲಾಸ್ಟಿಕ್ ಕುರ್ಚಿಯ ಮಂದಿರದಲ್ಲಿ ಅದು ಎರಡು ಸೆಕೆಂಡಿಗೂ ಮೀರಿ ಗುಂಯ್‌ಗುಡುತ್ತದೆ. ಸಂಗೀತಕ್ಕೆ ಅಷ್ಟೇನೂ ಕೆಡುಕಿಲ್ಲ, ಮಾತಿನ ವ್ಯಂಜನಗಳು ಮಾತ್ರ ಅದರೊಳಗೆ ಮುಳುಗುತ್ತವೆ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಇವತ್ತಿಗೂ ಹವ್ಯಾಸಿ ತಂಡಗಳು ಧೈರ್ಯದಿಂದ ಕೈಹಾಕುವುದು ಅವರ ನಾಟಕಗಳಿಗೆ. ಅವರ ನಗೆಯ ಗುಟ್ಟು ಇಂಗ್ಲಿಷಿನ ತಲೆಗೆ ಕನ್ನಡದ ಬಾಲ ಕಟ್ಟಿದ ಪದಗಳಲ್ಲಿ, ಒಂದು ಒತ್ತಕ್ಷರದ ತಿರುವಿನಲ್ಲಿ ಇರುತ್ತದೆ. ಆ ಒತ್ತಕ್ಷರ ಎಂಟನೇ ಸಾಲಿಗೆ ತಲುಪದಿದ್ದರೆ ತಲುಪುವುದು ಬರಿಯ ಗದ್ದಲ. ಪರೀಕ್ಷೆ ಸುಲಭ. ಖಾಲಿ ಮಂದಿರದಲ್ಲಿ ರಂಗದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಹಿಂದಿನ ಗೋಡೆ ಅರವತ್ತು ಅಡಿ ದೂರವಿದ್ದರೆ ಸದ್ದು ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಅಷ್ಟು ತಡವಾಗಿ ಮರಳಿದ್ದು ಕಿವಿಗೆ ಎರಡನೇ ಚಪ್ಪಾಳೆಯಾಗಿ ಕೇಳುತ್ತದೆ. ಹಾಗಾಗಿ ಚಿಕಿತ್ಸೆ ಹಿಂದಿನ ಗೋಡೆಯಿಂದ ಶುರುವಾಗಲಿ: ಎರಡು ಇಂಚು ದಪ್ಪದ ಗ್ಲಾಸ್‌ವುಲ್ ಹಲಗೆ, ಅದರ ಮೇಲೆ ಗಾಳಿಯಾಡುವ ಬಟ್ಟೆ. ಬಟ್ಟೆಯ ಮೇಲೆ ಚೆಂದಕ್ಕೆಂದು ಎಣ್ಣೆಬಣ್ಣ ಹೊಡೆಸಿದರೆ ಮತ್ತೆ ಅದು ಗೋಡೆಯೇ. ಅಷ್ಟಕ್ಕೂ ಹಣವಿಲ್ಲದಿದ್ದರೆ ಗೋಡೆಯಿಂದ ಆರು ಇಂಚು ಬಿಟ್ಟು, ನೆರಿಗೆ ಹೆಚ್ಚಿಟ್ಟ ದಪ್ಪ ಪರದೆ ಇಳಿಬಿಡಿ.

ಇದನ್ನು ಮಾಡದೆ ಮೈಕ್ ಹೆಚ್ಚಿಸುವುದು ಎಲ್ಲ ಕಡೆಯ ರೂಢಿ. ರಂಗದ ಅಂಚಿನಲ್ಲಿ ಮೂರು ಮೈಕ್ ಇಟ್ಟರೆ ಮೊದಲು ಕೇಳುವುದು ಓಟದ ಕಾಲಸಪ್ಪಳ. ಕಾಲರ್ ಮೈಕ್ ಹಾಕಿದರೆ ಇಬ್ಬರು ಅಪ್ಪಿಕೊಂಡಾಗ, ಕುತ್ತಿಗೆ ಪಟ್ಟಿ ಹಿಡಿದಾಗ ಗರಗರ. ಹೊರಹೋದವನ ಮೈಕ್ ಬಂದ್ ಮಾಡಲು ಮರೆತರೆ ವಿಂಗ್ಸಿನ ಪಿಸುಮಾತೂ ನಾಟಕದ ಭಾಗ. ಎಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಮಾತು ನಟನ ಬಾಯಿಂದ ಬಾರದೆ ಎರಡು ಪಕ್ಕದ ಸ್ಪೀಕರಿನಿಂದ ಬರುತ್ತದೆ. ಐದು ಜನ ಒಟ್ಟಿಗೆ ಜಗಳವಾಡುವಾಗ ಯಾರು ಯಾವ ಮಾತು ಆಡಿದರು ಎಂದು ಕಣ್ಣು ಹುಡುಕುವಷ್ಟರಲ್ಲಿ ನಗುವ ಕ್ಷಣ ದಾಟಿರುತ್ತದೆ. ಹನ್ನೆರಡು ಸಾಲಿಗೆ ಜನರನ್ನು ಕೂರಿಸಿ, ಫ್ಯಾನುಗಳ ಕಟಕಟ ನಿಲ್ಲಿಸಿದರೆ ತಾಲೀಮಾದ ಗಂಟಲಿಗೆ ಮೈಕೇ ಬೇಡ. ಬೇಕೇ ಆದಲ್ಲಿ ಮೈಕಿನ ಸದ್ದು ನಟನ ಗಂಟಲಿಗೆ ಒತ್ತಾಸೆಯಾಗಿರುವಷ್ಟೇ ಇರಲಿ, ಪ್ರತಿ ಆಟಕ್ಕೂ ಹೊಸ ಸೆಲ್ ಹಾಕಿ.

ಬೆಳಕಿಗೆ ಒಂದೇ ಸೂತ್ರ. ನಗು ಬರುವುದು ಮಾತಾಡಿದವನ ಮುಖದಿಂದಲ್ಲ, ಕೇಳಿಸಿಕೊಂಡವನ ಮುಖದಿಂದ. ಅಂದ ಮೇಲೆ ರಂಗದ ಯಾವ ಮೂಲೆಯಲ್ಲೂ ಮುಖ ಕತ್ತಲಾಗಬಾರದು. ಮೂವತ್ತಡಿ ಅಗಲದ ರಂಗವನ್ನು ಆರು ಭಾಗ ಮಾಡಿ, ಭಾಗಕ್ಕೆರಡು ದೀಪವನ್ನು ಎಡಬಲದಿಂದ ಓರೆಯಾಗಿ, ಸುಮಾರು ನಲವತ್ತೈದು ಡಿಗ್ರಿಯಲ್ಲಿ ಕೊಟ್ಟರೆ ಹನ್ನೆರಡು ದೀಪ. ಸಾವಿರ ವ್ಯಾಟಿನ ಹಳೆಯ ದೀಪಗಳಾದರೆ ಹನ್ನೆರಡು ಕಿಲೋವ್ಯಾಟ್, ಒಂದೇ ಫೇಸಿನಲ್ಲಿ ಐವತ್ತು ಆಂಪಿಯರ್ ದಾಟುತ್ತದೆ. ರಂಗದ ಬೋರ್ಡಿನಲ್ಲಿ ಇರುವುದು ಮೂವತ್ತೆರಡು ಆಂಪಿಯರಿನ ಎಂಸಿಬಿ, ಅಂದರೆ ಹೊರೆ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು. ಮೂರು ಫೇಸಿಗೆ ಹಂಚಿಸಿ, ಇಲ್ಲವೇ ಇನ್ನೂರು ವ್ಯಾಟಿನ, 3200 ಕೆಲ್ವಿನ್ ಬಣ್ಣದ, ಅಂದರೆ ಹಳೆಯ ದೀಪದಂತೆ ಬೆಚ್ಚನೆಯ ಬೆಳಕಿನ, ಎಲ್‌ಇಡಿ ತರಿಸಿ. ಮದುವೆ ಮಂಟಪಕ್ಕೆ ಹೊಂದುವ ಗುಲಾಬಿ, ನೇರಳೆ ಪಾರ್ ಕ್ಯಾನ್ ದೀಪಗಳು ಬೇಡ. ಅವುಗಳಲ್ಲಿ ಬೆಚ್ಚಿಬಿದ್ದ ಅತ್ತೆ ಕಾಯಿಲೆ ಬಿದ್ದವಳಂತೆ ಕಾಣುತ್ತಾಳೆ. ಕರೆಂಟು ಹೋಗಿ ಜನರೇಟರ್ ಏಳುವಷ್ಟರಲ್ಲಿ ಡಿಜಿಟಲ್ ಮಿಕ್ಸರೂ ಬೆಳಕಿನ ಬೋರ್ಡೂ ಆರಿ, ಮತ್ತೆ ಸಿದ್ಧವಾಗಲು ಅರ್ಧ ನಿಮಿಷವೋ ಒಂದು ನಿಮಿಷವೋ ಬೇಕು. ಅವೆರಡಕ್ಕೆ ಮಾತ್ರ ಒಂದು ಕೆವಿಎ ಯುಪಿಎಸ್ ಇಟ್ಟರೆ ದೀಪ ಬಂದ ಕೂಡಲೇ ಆಟ ಮುಂದುವರಿಯುತ್ತದೆ.

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರು ವೃತ್ತಿ ನಾಟಕ ಕಂಪನಿಗಳ ತಗಡಿನ ಥಿಯೇಟರು ನೋಡಿರುತ್ತಾರೆ. ಬೊಂಬು, ತಗಡು, ತಾಡಪತ್ರಿ, ಮಣ್ಣಿನ ನೆಲ. ರಂಗದ ಅಂಚಿಗೇ ಜನ, ಜನದ ಹಿಂದೆ ಜನ. ಹಾಸ್ಯನಟ ಬಾಯಿ ತೆರೆಯುವ ಮೊದಲೇ ರಿದಂ ಪ್ಯಾಡ್ ಬಾರಿಸುವವನು ಅವನ ನಡಿಗೆಗೆ ತಾಳ ಹಾಕುತ್ತಾನೆ. ನಗು ಏರಿ, ತುದಿ ಮುಟ್ಟಿ, ಇಳಿಯಲು ಶುರುವಾದ ಕ್ಷಣದಲ್ಲಿ ನಟ ಮುಂದಿನ ಮಾತು ಹಾಕುತ್ತಾನೆ. ಪೂರ್ತಿ ಇಳಿಯುವವರೆಗೆ ಕಾದರೆ ಸಭೆ ತಣ್ಣಗಾಗುತ್ತದೆ, ಏರುವಾಗಲೇ ಆಡಿದರೆ ಮಾತು ಕೊಚ್ಚಿಹೋಗುತ್ತದೆ. ಈ ಹದ ಸಿಗಬೇಕಾದರೆ ನಟನಿಗೆ ನಗು ಕೇಳಿಸಬೇಕು, ಮೂವತ್ತಡಿ ಬಯಲು ದಾಟಿ ಬಂದ ನಗು ಅರ್ಧಕ್ಕರ್ಧ ಸವೆದಿರುತ್ತದೆ. ಆ ತಗಡಿನ ಮಂದಿರಗಳನ್ನು ಕಟ್ಟಿದವರು ಆಟ ಆಡುವವರೇ, ಅದಕ್ಕೇ ಅಲ್ಲಿ ಅಳತೆ ತಪ್ಪಿಲ್ಲ. ಅಲ್ಲಿನ ಹಾಸ್ಯದ ಒರಟುತನ ನಮಗೆ ಯಾವಾಗಲೂ ಒಪ್ಪಿಗೆಯಿಲ್ಲ, ಎರಡರ್ಥದ ಮಾತು ಅತಿಯಾದಾಗ ಹೆಣ್ಣುಮಕ್ಕಳು ಎದ್ದುಹೋಗುವುದೂ ಉಂಟು. ಥಿಯೇಟರ್ ಕಟ್ಟುವ ವಿದ್ಯೆಯನ್ನು ಮಾತ್ರ ಅವರಿಂದ ಕಲಿಯಬೇಕು.

ಬಾಡಿಗೆಯ ಅವಧಿಯನ್ನು ಬದಲಿಸಿ. ಸಂಜೆಯ ಪಾಳಿ ನಾಲ್ಕಕ್ಕೆ ಶುರು ಎಂಬ ನಿಯಮ ಭಾಷಣಕ್ಕೆ ಸಾಕು, ಬಾಗಿಲುಗಳ ನಾಟಕಕ್ಕೆ ಸಾಲದು. ಗೋಡೆ ನಿಲ್ಲಿಸಲು ಎರಡು ಗಂಟೆ, ದೀಪ ಹೊಂದಿಸಲು ಎರಡು ಗಂಟೆ, ಧ್ವನಿಗೆ ಅರ್ಧ ಗಂಟೆ. ಇದಾದ ಮೇಲೆ ಒಂದು ಗಂಟೆ ಬರಿಯ ಬಾಗಿಲ ತಾಲೀಮು. ಮಾತಿಲ್ಲದೆ ಎಲ್ಲ ಎಂಟ್ರಿ ಎಕ್ಸಿಟ್‌ಗಳನ್ನು ಓಡಿ ನೋಡುವುದು ಇದು. ಬೇರೆ ಮಂದಿರದಲ್ಲಿ ಹನ್ನೆರಡು ಹೆಜ್ಜೆಯಿದ್ದ ದೂರ ಇಲ್ಲಿ ಹದಿನಾರಾಗಿರುತ್ತದೆ, ಆ ನಾಲ್ಕು ಹೆಜ್ಜೆಗೆ ಮಾತು ಎಲ್ಲಿ ಹಿಗ್ಗಿಸಬೇಕು ಎಂದು ಆಗಲೇ ತಿಳಿಯಬೇಕು. ಇದನ್ನು ಬಿಟ್ಟ ತಂಡಗಳಲ್ಲೇ ಹಣೆ ಒಡೆದುಕೊಳ್ಳುವುದು, ಕಾಲು ಉಳುಕುವುದು ಹೆಚ್ಚು. ಬಣ್ಣ ಹಚ್ಚಲು ಒಂದೂಕಾಲು ಗಂಟೆ ಸೇರಿಸಿದರೆ ಆರೂವರೆಯ ಆಟಕ್ಕೆ ಬೆಳಗ್ಗೆ ಹನ್ನೊಂದಕ್ಕೆ ಬಾಗಿಲು ತೆರೆಯಬೇಕು, ಊಟದ ಬಿಡುವಿಗೆ ಉಳಿಯುವುದು ಮುಕ್ಕಾಲು ಗಂಟೆ. ನಾಟಕಕ್ಕೆ ಮಾತ್ರ ಇಡೀ ದಿನದ ಒಂದೇ ಬಾಡಿಗೆ ನಿಗದಿ ಮಾಡಿ. ಜೊತೆಗೆ ಉಚಿತ ಪಾಸಿನ ಕಟ್ಟುಗಳನ್ನು ಕೇಳುವುದನ್ನು ಕಚೇರಿಗಳು ನಿಲ್ಲಿಸಲಿ. ಐವತ್ತು ರೂಪಾಯಿಯಾದರೂ ಕೊಟ್ಟು ಬಂದವರು ಹೊತ್ತಿಗೆ ಬರುತ್ತಾರೆ, ಕೊನೆಯವರೆಗೂ ಇರುತ್ತಾರೆ.

ಕೊನೆಯದಾಗಿ ಮಂದಿರದ ಸಿಬ್ಬಂದಿ. ಅವರ ಮೇಲೆ ನಮ್ಮ ದೂರಿಲ್ಲ. ಬಹಳ ಕಡೆ ಒಬ್ಬನೇ ಕಾವಲುಗಾರ, ಅವನೇ ಕಸ ಗುಡಿಸುವವನು, ಅವನೇ ಎಲೆಕ್ಟ್ರಿಷಿಯನ್. ನಾಟಕದ ದಿನ ವಿದ್ಯುತ್ ಕೆಲಸ ಬಲ್ಲ ಒಬ್ಬರು ಕೊನೆಯ ಪರದೆ ಬೀಳುವವರೆಗೆ ಸ್ಥಳದಲ್ಲಿರಲೇಬೇಕೆಂಬ ಆದೇಶ ಮಾಡಿ, ಅವರ ಹೆಚ್ಚಿನ ಹೊತ್ತಿಗೆ ಭತ್ಯೆ ಕೊಡಿ. ಬೇಕಿದ್ದರೆ ಬಾಡಿಗೆಯಲ್ಲೇ ಸೇರಿಸಿ, ಕೊಡುತ್ತೇವೆ. ಮುಖ್ಯ ಸ್ವಿಚ್ಚಿನ ಕೋಣೆಯ ಬೀಗದ ಕೈ ಆ ದಿನ ಯಾರ ಹತ್ತಿರ ಇರುತ್ತದೆ, ಅವರ ಫೋನ್ ನಂಬರು ಯಾವುದು ಎಂಬುದನ್ನು ಬಾಡಿಗೆ ರಸೀದಿಯ ಹಿಂದೆ ಬರೆದು ಕೊಡಿ.

ಇತಿ,
ಹವ್ಯಾಸಿ ನಾಟಕ ತಂಡಗಳ ರಂಗಸಜ್ಜಿಕೆ, ಬೆಳಕು, ಧ್ವನಿ ಕೆಲಸಗಾರರು